ಮಾವ ಮನೆಗೆ ತಂದ ಫಾರಿನ್

ನನ್ನ ಸೋದರಮಾವನಿಗೆ ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿ ಇತ್ತು, ಅದಕ್ಕೆ ತಕ್ಕ ಹೊಟ್ಟೆ ಇತ್ತು, ಊರಲ್ಲಿ ನಾಲ್ಕು ಮಂದಿ ನಮಸ್ಕಾರ ಹೇಳುವಷ್ಟು ಹೆಸರೂ ಇತ್ತು. ಇಲ್ಲದಿದ್ದದ್ದು ನೆಮ್ಮದಿ ಒಂದೇ. ಅದನ್ನು ಕಸಿದುಕೊಂಡವರು ಕುರುಗೋಡಿನಲ್ಲಿದ್ದ ಅತ್ತೆಯ ಅಣ್ಣ. ಅವರು ಯಾವುದೋ ಟೂರಿನವರ ಜೊತೆ ದುಬೈಗೆ ಹೋಗಿ ಬಂದಿದ್ದರು. ಅಲ್ಲಿ ಇದ್ದದ್ದು ವಾರಕ್ಕಿಂತ ಕಡಿಮೆ. ಅದರ ವರ್ಣನೆ ಮಾತ್ರ ಎರಡು ಯುಗಾದಿ ದಾಟಿದರೂ ಮುಗಿದಿರಲಿಲ್ಲ. ಮದುವೆಗೆ ಬಂದರೆ "ದುಬೈನ್ಯಾಗ ಹಿಂಗ ಧೂಳ ಇರಂಗಿಲ್ಲ." ಮಣ್ಣಿಗೆ ಬಂದರೆ "ದುಬೈನ್ಯಾಗ ಹಿಂಗ ಬಾಯಿ ಮಾಡಿ ಅಳಂಗಿಲ್ಲ." ನಾವು ಚಿಕ್ಕವರೆಲ್ಲ ಸೇರಿ ಅವರಿಗೆ ದುಬೈ ಸಾಹುಕಾರ ಅಂತ ಹೆಸರಿಟ್ಟಿದ್ದೆವು. ಮಾವ ಅವರೆದುರು ಬಾಯಿಗೆ ಎಲೆ-ಅಡಿಕೆ ತುಂಬಿಕೊಂಡು ಕೂತಿರುತ್ತಿದ್ದ. ಬಾಯಿ ಖಾಲಿ ಇದ್ದರೆ ಏನಾದರೂ ಅಂದುಬಿಟ್ಟೇನು ಅನ್ನುವ ಹೆದರಿಕೆ.

ಹೀಗಿರುವಾಗ, ಬಳ್ಳಾರಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಮಾವನ ಹಳೆಯ ಗೆಳೆಯರೊಬ್ಬರು ಫೋನ್ ಮಾಡಿದರು. "ಒಬ್ಬ ಫಾರಿನ್ ಸ್ಟೂಡೆಂಟ್ ಬರಾಕತ್ತಾನ. ಭತ್ತದ ಮ್ಯಾಲೆ ಓದಾಕತ್ತಾನ. ನಿಮ್ಮ ಕಡೆ ಗದ್ದಿ, ಗಿರಣಿ ಎಲ್ಲ ನೋಡಬೇಕಂತ. ನಿಮ್ಮ ಮನ್ಯಾಗ ಎರಡು ತಿಂಗಳು ಇಟ್ಕೋತೀರೇನು?"

ಮಾವ ಎರಡನೇ ಮಾತಾಡದೆ ಒಪ್ಪಿಕೊಂಡ. ಯಾವ ದೇಶದವ ಅಂತ ಕೂಡ ಕೇಳಲಿಲ್ಲ. ಅತ್ತೆ ಕೇಳಿದ್ದಕ್ಕೆ, "ಫಾರಿನ್ ಅಂದ್ರ ಫಾರಿನ್. ಯಾವ ದೇಶ, ಯಾವ ಓಣಿ ಅಂತ ಕೇಳಾಕ ನಾವೇನು ಪೊಲೀಸರೇನು? ಅವ ಫಾರಿನ್‌ಗೆ ಹೋಗಿ ಬಂದ. ನಾನು ಫಾರಿನ್ನೇ ಮನಿಗೆ ತರ್ತೀನಿ, ನೋಡ್ತಿರು," ಅಂದ. 'ಅವ' ಅಂದರೆ ಯಾರು ಅಂತ ಅತ್ತೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಯಲ್ಲಿ ತಯಾರಿ ಶುರುವಾಯಿತು. ಬಚ್ಚಲಿನ ಪಕ್ಕದಲ್ಲಿ ಒಂದು ಬಿಳಿಯ ಕಮೋಡು ಕೂತಿತು. ಅದಕ್ಕೆ ಅತ್ತೆ ಮೊದಲ ದಿನ ಅರಿಶಿನ ಕುಂಕುಮ ಹಚ್ಚಿದಳು ಅನ್ನುವುದು ಮಾವ ಹಬ್ಬಿಸಿದ ಸುಳ್ಳು; ಆಕೆ ಹಚ್ಚಿದ್ದು ಬಾಗಿಲಿಗೆ. ಬ್ರೆಡ್ಡು, ಜಾಮು ಬಂದವು. ಪಕ್ಕದ ಮನೆಯ ರಿಟೈರಾದ ಟೀಚರಮ್ಮ ಬಂದು, "ಬಿಳಿ ಮಂದಿಗೆ ಖಾರ ಹಾಕೀಯೇ ಮತ್ತ! ಹೊಟ್ಟಿ ಸುಟ್ಟು ಸತ್ತಗಿತ್ತ ಅಂದ್ರ ದೊಡ್ಡ ಕೇಸಾಗ್ತೈತಿ," ಅಂತ ಬುದ್ಧಿ ಹೇಳಿ ಹೋದರು. ಅತ್ತೆ ಅವತ್ತಿನಿಂದ ಉಪ್ಪು-ಖಾರವಿಲ್ಲದ ಪಲ್ಯ ಮಾಡಿ ಮಾಡಿ ಮನೆಮಂದಿಯ ಮೇಲೆ ಪ್ರಯೋಗ ನಡೆಸಿದಳು.

ನಾನು ಆಗ ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ಇಡೀ ಬಳಗದಲ್ಲಿ ಇಂಗ್ಲಿಷ್ ಬರುವವಳು ನಾನೇ ಅಂತ ಎಲ್ಲರ ನಂಬಿಕೆ. ನನ್ನ ಇಂಗ್ಲಿಷಿನ ಹಣೆಬರಹ ನನಗೆ ಗೊತ್ತಿತ್ತು. ಎಲೆಯ ಒಳಗೆ ಆಹಾರ ಹೇಗೆ ತಯಾರಾಗುತ್ತದೆ ಅಂತ ಎರಡು ಪುಟ ಬರೆಯಬಲ್ಲೆ. ಎದುರು ನಿಂತವರನ್ನು ಉಂಡಿರಾ ಅಂತ ಕೇಳಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದರೂ ಮಾವ ಹಾಸ್ಟೆಲ್ಲಿಗೆ ಬಂದು ನನ್ನನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಎಳೆದುಕೊಂಡು ಹೋದ.

ಕಾರಿನ ಡ್ರೈವರ್ ಬಳ್ಳಾರಿಯದೇ ಕೌಲ್ ಬಜಾರಿನವರು. ಅವರ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಹಾಲಿನಂಥ ಬಣ್ಣ, ಬೆಕ್ಕಿನ ಕಣ್ಣು, ತಲೆಗೂ ಗಡ್ಡಕ್ಕೂ ಮೆಹಂದಿ ಹಚ್ಚಿ ಕೆಂಪು ಮಾಡಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಎಂಟು ಮಂದಿಯ ನಡುವೆ ಎದ್ದು ಕಾಣುವ ಆಳು.

ಸಂಜೆ ಬೆಂಗಳೂರಿನ ಬಸ್ಸು ಬಂದು ನಿಂತಿತು. ಮಾವ ರಟ್ಟಿನ ಮೇಲೆ 'ವೆಲ್‌ಕಮ್' ಅಂತ ದೊಡ್ಡದಾಗಿ, ಹುಡುಗನ ಹೆಸರು ಸಣ್ಣದಾಗಿ, ತನ್ನ ಗಿರಣಿಯ ಹೆಸರು ಎಲ್ಲಕ್ಕಿಂತ ದೊಡ್ಡದಾಗಿ ಬರೆಸಿ ಎತ್ತಿ ಹಿಡಿದಿದ್ದ. ಜನ ಇಳಿದರು. ಮುದುಕರು, ಮಕ್ಕಳು, ಚೀಲ, ಕೊಡ, ಎಲ್ಲ ಇಳಿದವು. ಬಿಳಿಯ ಮುಖ ಒಂದೂ ಇಲ್ಲ. ಬಾಗಿಲ ಬಳಿ ಒಬ್ಬ ತೆಳ್ಳನೆಯ ಕಪ್ಪು ಹುಡುಗ, ಬೆನ್ನಿಗೆ ಒಂದು ದೊಡ್ಡ ಚೀಲ, ಕೈಯಲ್ಲಿ ಹಗ್ಗ ಕಟ್ಟಿದ ಒಂದು ಡಬ್ಬಿ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ಮಾವ ಅವನ ಹೆಗಲ ಮೇಲಿಂದ ಬಸ್ಸಿನೊಳಗೆ ಇಣುಕುತ್ತ, ಕೈ ಬೀಸಿ, "ತಮ್ಮಾ, ಸ್ವಲ್ಪ ಸರಿಯಪ್ಪ, ಫಾರಿನ್‌ನವ್ರು ಇಳಿಯಾಕತ್ತಾರ," ಅಂದ.

ಹುಡುಗ ಸರಿದು ನಿಂತ. ಬಸ್ಸು ಖಾಲಿಯಾಯಿತು. ಕಂಡಕ್ಟರ್ ಕೂಡ ಇಳಿದು ಟೀ ಅಂಗಡಿಗೆ ಹೋದ. ಆಗ ಆ ಹುಡುಗ ಮಾವನ ರಟ್ಟನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ತನ್ನ ಎದೆಗೆ ಇಟ್ಟುಕೊಂಡ. ಶ್ರೀಲಂಕಾದಿಂದ ಬಂದಿದ್ದೇನೆ ಅಂತ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದ.

ಮಾವ ನನ್ನ ಕಡೆ ತಿರುಗಿದ. "ಏನಂತಾನ?"

"ಇವನೇ ಅಂತ ಮಾವ."

"ಇವನೇ ಅಂದ್ರ?"

"ಫಾರಿನ್."

ಮಾವ ಹುಡುಗನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಆದೋನಿಯಲ್ಲಿರುವ ನಮ್ಮ ಬೀಗರ ಮನೆಯಲ್ಲಿ ಥೇಟ್ ಇಂಥದೇ ಒಬ್ಬ ಹುಡುಗನಿದ್ದಾನೆ. ಅದೇ ಮೂಗು, ಅದೇ ಸಣ್ಣ ಮೀಸೆ. ಮಾವ ಪಕ್ಕಕ್ಕೆ ಹೋಗಿ ಮೇಷ್ಟ್ರಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಅವರು, "ಶ್ರೀಲಂಕಾ ಫಾರಿನ್ನೇ ರೀ, ಪಾಸ್‌ಪೋರ್ಟ್ ಬೇಕಾಗ್ತೈತಿ, ವೀಸಾ ಬೇಕಾಗ್ತೈತಿ," ಅನ್ನುವುದು ನನಗೂ ಕೇಳಿಸಿತು. ಫೋನಿಟ್ಟ ಮೇಲೆ ಮಾವ ನನ್ನನ್ನೇ ತಪ್ಪಿತಸ್ಥಳ ಹಾಗೆ ನೋಡಿದ. "ವಿಮಾನದಾಗ ಎಷ್ಟೊತ್ತು ಕುಂತಿದ್ದಿ ಅಂತ ಕೇಳು."

ಕೇಳಿದೆ. ಒಂದೂವರೆ ತಾಸು ಅಂದ.

"ನೋಡು! ಅಲ್ಲಿಂದ ಬೆಂಗಳೂರಿಗೆ ಒಂದೂವರೆ ತಾಸು. ಬೆಂಗಳೂರಿಂದ ಬಳ್ಳಾರಿಗೆ ಬರಾಕ ಇಡೀ ದಿನ. ಹಂಗಾದ್ರ ಬಳ್ಳಾರಿನೇ ಫಾರಿನ್ ಆತಲ್ಲ?"

ಹುಡುಗ ನಮ್ಮಿಬ್ಬರ ಮುಖವನ್ನು ನೋಡುತ್ತ, ಜಗಳ ತನ್ನ ಬಗ್ಗೆಯೇ ಅಂತ ಗೊತ್ತಾಗಿಯೂ ಗೊತ್ತಾಗದವನ ಹಾಗೆ ನಗುತ್ತಿದ್ದ. ನಿಂತಲ್ಲೇ ಸಣ್ಣಗೆ ತೂಗುತ್ತಿದ್ದ ಕೂಡ. ಪರೀಕ್ಷೆ ಮುಗಿಸಿ, ರಾತ್ರಿಯೆಲ್ಲ ಚೀಲ ಕಟ್ಟಿ, ಮುಂದಿನ ರಾತ್ರಿ ವಿಮಾನ ನಿಲ್ದಾಣದಲ್ಲಿ ಕೂತು ಕಳೆದು, ಬಸ್ಸಿನಲ್ಲಿ ಹಿಂದಿನ ಸೀಟಿನ ಮಗು ಕೂದಲು ಹಿಡಿದು ಎಳೆಯುತ್ತಿದ್ದುದರಿಂದ ಕಣ್ಣು ಮುಚ್ಚಲಾಗದೆ ಬಂದಿದ್ದ. ಇದೆಲ್ಲ ಅವನು ಆಮೇಲೆ ಹೇಳಿದ್ದು. ಆಗ ಅವನು ಹೇಳಿದ್ದು ಇಷ್ಟೇ: ಎಲ್ಲಾದರೂ ಮಲಗಬಹುದಾ? ನೆಲವಾದರೂ ಆದೀತು.

ನಾನು ಮಾವನಿಗೆ ಹೇಳಿದೆ. ಮಾವ ಕಾರಿನ ಬಾಗಿಲು ತೆಗೆದ. ಹುಡುಗ ಹಿಂದಿನ ಸೀಟಿನಲ್ಲಿ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಳ್ಳಾರಿಯ ಕೋಟೆ ಗುಡ್ಡ ಕಣ್ಣಿಂದ ಮರೆಯಾಗುವ ಮೊದಲೇ ಬಾಯಿ ತೆರೆದು ನಿದ್ದೆ ಹೋದ.

ಇನ್ನು ಕುರುಗೋಡಿನ ಸಮಸ್ಯೆ. ಸಿರುಗುಪ್ಪಕ್ಕೆ ನೆಟ್ಟಗೆ ಹೋಗುವ ದಾರಿ ಬೇರೆ ಇದ್ದರೂ, ಕುರುಗೋಡಿನ ಮೇಲೆ ಸುತ್ತಿಕೊಂಡು ಬರುತ್ತೇನೆ, ಫಾರಿನ್‌ನವರಿಗೆ ಚಹ ಕುಡಿಸಿರಿ ಅಂತ ಮಾವನೇ ಒಂದು ವಾರದಿಂದ ಭಾವನಿಗೆ ಫೋನ್ ಮಾಡಿ ಹೇಳಿದ್ದ. ಈಗ ಅವನಿಗೆ ಆ ಊರಿನ ಹೆಸರೇ ಬೇಡವಾಗಿತ್ತು. ಫೋನು ಬಡಿದುಕೊಂಡಿತು. "ಇಲ್ಲ ಭಾವಾ, ಅವ್ರಿಗೆ ಭಾಳ ಸುಸ್ತಾಗೈತಿ, ಸೀದಾ ಮನಿಗೆ ಹೋಗ್ತೀವಿ... ಏನು? ರಸ್ತೆ ಮ್ಯಾಲೆ ನಿಂತೀರಾ? ಎಲ್ಲಾರೂನಾ?" ಮಾವ ಫೋನಿಟ್ಟು ಹಣೆ ಒರೆಸಿಕೊಂಡ. "ಕುರುಗೋಡಿಗೇ ನಡೀರಿ ಸಾಬ್ರೆ. ನಮ್ಮ ಬೀಗ್ರು ದಾರಿ ಕಟ್ಯಾರ."

ದೊಡ್ಡ ಬಸವಣ್ಣನ ಗುಡಿಯ ಕಡೆ ತಿರುಗುವಲ್ಲಿ ದುಬೈ ಸಾಹುಕಾರರು, ಅವರ ಹೆಂಡತಿ, ಅವರ ತಾಯಿ, ಆಚೀಚೆ ಮನೆಯ ಒಂದಿಷ್ಟು ಹೆಂಗಸರು ಸಾಲಾಗಿ ನಿಂತಿದ್ದರು. ಸಾಹುಕಾರರು ಕಣ್ಣಿಗೆ ದುಬೈನ ಕರಿ ಕನ್ನಡಕ ಹಾಕಿದ್ದರು, ಹೊತ್ತು ಇಳಿದಿದ್ದರೂ. ಕೈಯಲ್ಲಿ ಚೆಂಡು ಹೂವಿನ ದಪ್ಪ ಮಾಲೆ.

ಕಾರು ನಿಂತಿತು. ಮಾವ ಇಳಿಯಲು ಹಿಂದೆಮುಂದೆ ನೋಡುತ್ತಿದ್ದ. ನಾನು ಹುಡುಗನನ್ನು ಎಬ್ಬಿಸುತ್ತಿದ್ದೆ. ಅಷ್ಟರಲ್ಲಿ ಡ್ರೈವರ್ ಕಾಲು ಚಾಚಿಕೊಳ್ಳಲೆಂದು ಮೊದಲು ಇಳಿದರು. ಕೆಂಪು ಗಡ್ಡ, ಬೆಕ್ಕಿನ ಕಣ್ಣು, ಬಿಳಿ ಶರಟು. ಸಾಹುಕಾರರು ಒಂದು ಕ್ಷಣವೂ ತಡ ಮಾಡಲಿಲ್ಲ. "ವೆಲ್‌ಕಮ್! ವೆಲ್‌ಕಮ್ ಟು ಕುರುಗೋಡು!" ಅಂದವರೇ ಮಾಲೆಯನ್ನು ಡ್ರೈವರ್ ಕೊರಳಿಗೆ ಹಾಕಿಬಿಟ್ಟರು. ಹೆಂಗಸರು ಆರತಿ ಎತ್ತಿದರು. ಯಾರೋ ಫೋಟೋ ಹೊಡೆದರು.

ಡ್ರೈವರ್ ಬೆರಗಾಗಿ ನಿಂತರು. ಆಮೇಲೆ ಎದೆಗೆ ಕೈಯಿಟ್ಟು, ತಲೆ ಬಾಗಿಸಿ, "ಶುಕ್ರಿಯಾ, ಶುಕ್ರಿಯಾ," ಅಂದರು. ಕರೆದು ಮರ್ಯಾದೆ ಮಾಡಿದರೆ ಬೇಡ ಅನ್ನುವುದು ಅವರ ಮನೆಯ ಸಂಸ್ಕಾರದಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ನಾನು ಮಾವನ ಮುಖ ನೋಡಿದೆ. ಆ ಮುಖದಲ್ಲಿ ಒಂದು ಆಸೆ ಮೂಡಿತ್ತು. ಬಾಯಿ ಮುಚ್ಚಿಕೊಂಡಿರು, ಹತ್ತು ನಿಮಿಷ ಹೀಗೇ ನಡೆದುಹೋಗಲಿ ಅಂತ ಕಣ್ಣಲ್ಲೇ ನನಗೆ ಕೈಮುಗಿದ. ನಡೆದೂ ಹೋಗುತ್ತಿತ್ತೇನೋ. ಆದರೆ ಸಾಹುಕಾರರ ತಾಯಿ, ಆ ಮುದುಕಿ, ಕೋಲು ಊರಿಕೊಂಡು ಮುಂದೆ ಬಂದು ಡ್ರೈವರ್ ಗಲ್ಲ ಸವರಿ, "ಯಾವ ದೇಶ ಆತಪ್ಪ ನಿಂದು?" ಅಂತ ಕೇಳಿಬಿಟ್ಟಳು.

"ಕೌಲ್ ಬಜಾರ್ ಅಮ್ಮಾ," ಅಂದರು ಡ್ರೈವರ್, ಪ್ರಾಮಾಣಿಕವಾಗಿ.

"ಕೌಲ್ ಬಜಾರಾ? ಅಲ್ಲೇ ನಮ್ಮ ತಂಗಿ ಮನಿ ಐತಲ್ಲೋ!"

ಸಾಹುಕಾರರು ಕರಿ ಕನ್ನಡಕ ತೆಗೆದರು. ಅಷ್ಟೊತ್ತಿಗೆ ಹುಡುಗ ಕಾರಿನಿಂದ ಇಳಿದು, ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿಸಿಕೊಂಡು, ಎಲ್ಲರಿಗೂ ಕೈಮುಗಿದ. ಮಾವ ಇನ್ನು ವಿಧಿಯಿಲ್ಲ ಅಂತ, "ಇವ್ರು... ಇವ್ರೇ. ಶ್ರೀಲಂಕಾದಿಂದ ಬಂದಾರ," ಅಂದ.

ಮುದುಕಿ ಹುಡುಗನನ್ನು ನೋಡಿದಳು. "ಲಂಕಾ? ಅದು ಸುಟ್ಟು ಹೋಗಿತ್ತಲ್ಲೋ? ಮತ್ತ ಕಟ್ಯಾರೇನು?"

ಇದನ್ನು ನಾನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಹೇಳಲು ಬರುತ್ತಲೂ ಇರಲಿಲ್ಲ.

ಸಾಹುಕಾರರು ನಗಲು ಶುರು ಮಾಡಿದರು. ಅವರದು ಹೊಟ್ಟೆಯಿಂದ ಏಳುವ ನಗು, ಬೇಗ ನಿಲ್ಲುವುದಿಲ್ಲ. "ಏನ್ ಭಾವಾ, ಇದನ್ನೇನು ಫಾರಿನ್ ಅಂತ ಊರೆಲ್ಲ ಡಂಗುರ ಹೊಡಿಸಿದ್ದಿ? ಇಂಥ ಹುಡುಗರು ನಮ್ಮ ಗದ್ದ್ಯಾಗ ದಂಡಿ ಅದಾರ. ದುಬೈನ್ಯಾಗ ಇಂಥವ್ರನ್ನ ಏರ್‌ಪೋರ್ಟ್‌ನ್ಯಾಗ ಬ್ಯಾರೆ ಸಾಲಿನ್ಯಾಗ ನಿಲ್ಲಸ್ತಾರ."

ಮಾವನ ಬಾಯಲ್ಲಿ ಅವತ್ತು ಎಲೆ-ಅಡಿಕೆ ಇರಲಿಲ್ಲ. ಮೊದಲು ಅವನ ಕಿವಿ ಕೆಂಪಾಯಿತು, ಆಮೇಲೆ ಕೊರಳು. ಬಸ್ ನಿಲ್ದಾಣದಿಂದ ಇಲ್ಲಿಯ ತನಕ ಈ ಹುಡುಗನನ್ನು ಎಲ್ಲಿ ಬಚ್ಚಿಡಲಿ ಅಂತ ಹುಡುಕುತ್ತ ಬಂದವನು, ಈಗ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದ.

"ಭಾವಾ, ನೀವು ದುಬೈಗೆ ಹೋಗಿ ಏನು ಮಾಡಿದ್ರಿ? ಬಿಲ್ಡಿಂಗ್ ನೋಡಿ ಕುತ್ತಿಗಿ ಹಿಡಿಸ್ಕೊಂಡು ಬಂದ್ರಿ. ಈ ಹುಡುಗ ಸಮುದ್ರ ದಾಟಿ ಓದಾಕ ಬಂದಾನ. ನಮ್ಮ ಭತ್ತ ಓದಾಕ! ನಮ್ಮ ಮನಿಗೆ! ನಿದ್ದಿಗೆಟ್ಟು ಬಂದವನ್ನ ರಸ್ತ್ಯಾಗ ನಿಲ್ಲಿಸಿ ನಗ್ತೀರಲ್ರಿ."

ಮಾವ ಭಾವನೆದುರು ಇಷ್ಟು ಮಾತಾಡಿದ್ದು ಅದೇ ಮೊದಲು. ಸಾಹುಕಾರರ ನಗು ನಿಂತಿತು. ಅವರ ಹೆಂಡತಿ, "ಚಹಾ ಆರಾಕತ್ತೈತಿ, ಬರ್ರಿ ಒಳಗ," ಅಂತ ನಡುವೆ ಬಂದರು. ಒಳಗೆ ಹೋದೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ಸಾಹುಕಾರರು ಸೋತ ಮುಖದಲ್ಲೇ ಡ್ರೈವರ್ ಕೊರಳಿನ ಮಾಲೆ ತೆಗೆದು ಹುಡುಗನಿಗೆ ಹಾಕಲು ಹೋದರೆ, ಡ್ರೈವರ್ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು, "ಹಾಕಿದ್ದು ತೆಗೀಬಾರ್ದು ಸಾಹುಕಾರ್ರೆ, ಶಕುನ ಕೆಡ್ತೈತಿ," ಅಂದರು. ಹುಡುಗ ಗೋಡೆಗೆ ಒರಗಿ, ಕೈಯಲ್ಲಿ ಮಿರ್ಚಿ ಹಿಡಿದೇ ತೂಕಡಿಸುತ್ತಿದ್ದ. ಮುದುಕಿ ಅವನೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಕನ್ನಡ ಬಾರದವರಿಗೆಲ್ಲ ತೆಲುಗು ಬರುತ್ತದೆ ಅನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ಆಕೆ ಏನು ಕೇಳಿದರೂ ಅವನು ತಲೆಯಾಡಿಸುತ್ತಿದ್ದ. ಆಕೆಗೆ ಅವನು ತುಂಬ ಹಿಡಿಸಿದ. "ಎಷ್ಟು ಚಂದ ಮಾತಾಡ್ತಾನ," ಅಂದಳು ಕೊನೆಗೆ.

ಅಲ್ಲಿಂದ ಹೊರಟು ಸಿರಿಗೇರಿ ಕಡೆಗೆ ಬರುವಾಗ ಕಾಲುವೆಯ ಸೇತುವೆಯ ಮೇಲೆ ಕಟಾವು ಮಷಿನ್ನೊಂದು ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡದೆ ಸಿಕ್ಕಿಕೊಂಡಿತ್ತು. ಎರಡೂ ಕಡೆಯವರು ಇಳಿದು, ಹಿಂದಕ್ಕೆ ಹೋಗಬೇಕಾದವರು ನೀವು, ನೀವು ಅಂತ ಬೈದಾಡುತ್ತಿದ್ದರು. ಸುತ್ತ ಬಲಿತ ಭತ್ತ, ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಹುಡುಗನಿಗೆ ಎಚ್ಚರವಾಯಿತು. ಸದ್ದಿಗಲ್ಲ, ವಾಸನೆಗೆ ಅಂತ ನನಗೆ ಅನ್ನಿಸಿತು. ಕೊಯ್ದ ಭತ್ತದ ವಾಸನೆ ಕಾರಿನೊಳಗೆಲ್ಲ ತುಂಬಿತ್ತು. ಅವನು ಬಾಗಿಲು ತೆಗೆದು ಇಳಿದು, ಬದುವಿನ ಮೇಲೆ ನಡೆದು ಹೋಗಿ, ಒಂದು ತೆನೆಯನ್ನು ಕೈಯಲ್ಲಿ ಹಿಡಿದು ನಿಂತ. ನಾನೂ ಹೋದೆ.

ಅವನು ಮಾತಾಡಿದ. ಅವನ ಇಂಗ್ಲಿಷು ನಿಧಾನ, ನನ್ನದಕ್ಕಿಂತ ಸ್ವಲ್ಪವೇ ಒಳ್ಳೆಯದು, ಆದ್ದರಿಂದ ನಮಗಿಬ್ಬರಿಗೂ ತೊಂದರೆಯಾಗಲಿಲ್ಲ. ಅವನ ಗೆಳೆಯರಲ್ಲಿ ಒಬ್ಬ ಜಪಾನಿಗೆ ಹೋದನಂತೆ, ಇನ್ನಿಬ್ಬರು ಆಸ್ಟ್ರೇಲಿಯಾಕ್ಕೆ. ಇವನಿಗೆ ಸಿಕ್ಕಿದ್ದು ಸಿರುಗುಪ್ಪ. ಬಸ್ಸಿನಲ್ಲಿ ಕಿಟಕಿಗೆ ಹಣೆಯಿಟ್ಟು, ಪರದೇಶ ಯಾವಾಗ ಶುರುವಾಗುತ್ತದೆ ಅಂತ ಕಾಯುತ್ತ ಬಂದನಂತೆ. ತೆಂಗಿನ ಮರ ಬಂತು, ಅವನ ಊರಿನದೇ. ಎಮ್ಮೆ ಬಂತು, ಅದೂ ಊರಿನದೇ. "ಬಳ್ಳಾರಿ ಹತ್ತಿರ ಬಂದ ಮೇಲೆ ಕಲ್ಲಿನ ಗುಡ್ಡಗಳು ಕಂಡವು. ಅಷ್ಟೊಂದು ಬರೀ ಕಲ್ಲು ನಾನು ನೋಡಿರಲಿಲ್ಲ. ಹಾಂ, ಇಲ್ಲಿಂದ ಪರದೇಶ ಅಂದುಕೊಂಡೆ. ಆಮೇಲೆ ನಿನ್ನ ಅಂಕಲ್ ನನಗೆ ಪಕ್ಕಕ್ಕೆ ಸರಿ ಅಂದರು."

"ಅದು ಅರ್ಥವಾಗಿತ್ತಾ?" ಅಂದೆ.

"ಭಾಷೆ ಅರ್ಥವಾಗಲಿಲ್ಲ. ಕೈ ಅರ್ಥವಾಯಿತು."

ಅವನು ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಬದುವಿನ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಸ್ತೆಯ ಮೇಲೆ ಟ್ರ್ಯಾಕ್ಟರಿನವನ ಬೈಗುಳ ತಾಯಿಯ ತನಕ ಏರಿತ್ತು.

ಹುಡುಗನಿಗೆ ತನ್ನ ತಾಯಿಯ ನೆನಪಾಯಿತು. ತಲುಪಿದ್ದೇನೆ ಅಂತ ಬೆಳಗಿನಿಂದ ಹೇಳಲಾಗಿರಲಿಲ್ಲ. ನನ್ನ ಫೋನಿನ ಇಂಟರ್ನೆಟ್ಟು ಅವನ ಫೋನಿಗೆ ಕೊಟ್ಟೆ. ವಿಡಿಯೋದಲ್ಲಿ ಒಬ್ಬ ದಪ್ಪನೆಯ ಹೆಂಗಸು ಕಂಡಳು, ಹಿಂದೆ ಒಂದು ಬಾಳೆಗಿಡ. ಅವನು ಫೋನನ್ನು ಗದ್ದೆಯ ಸುತ್ತ ತಿರುಗಿಸಿ ತೋರಿಸಿದ. ಆಕೆ ಜೋರಾಗಿ ಏನೋ ಅಂದಳು. ಇವನು ಏನೋ ಅಂದ. ಆಕೆ ಇನ್ನೂ ಜೋರಾದಳು.

"ಏನಂತೆ?" ಅಂದೆ.

ಅವನು ಬೆವರುತ್ತಿದ್ದ. "ನಾನು ಸುಳ್ಳು ಹೇಳುತ್ತಿದ್ದೇನಂತೆ. ವಿಮಾನ ಹತ್ತಿಯೇ ಇಲ್ಲವಂತೆ. ಇದು ನಮ್ಮ ಚಿಕ್ಕಪ್ಪನ ಗದ್ದೆಯಂತೆ."

ಅಷ್ಟರಲ್ಲಿ ಮಾವ ಬದುವಿನ ಮೇಲೆ ತೂಗಾಡುತ್ತ ನಮ್ಮ ಬಳಿ ಬಂದಿದ್ದ. ವಿಷಯ ತಿಳಿಸಿದೆ. ಅವನಿಗೆ ಸಿಟ್ಟು ಬಂತು. ಕುರುಗೋಡಿನಲ್ಲಿ ಹತ್ತಿದ ಬಿಸಿ ಇನ್ನೂ ಆರಿರಲಿಲ್ಲ. "ಅಂದ್ರ ಏನು? ಇಂಡಿಯಾ ಫಾರಿನ್ ಅಲ್ಲೇನು? ಕೊಡಿಲ್ಲಿ ಫೋನು!" ಅಂದ. ಹುಡುಗ ಹೆದರಿ ಕೊಟ್ಟ. ಮಾವ ಫೋನನ್ನು ಮುಖದ ತೀರ ಹತ್ತಿರ ಹಿಡಿದು, ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಮೇಡಂ! ದಿಸ್ ಈಸ್ ಫಾರಿನ್! ಫುಲ್ ಫಾರಿನ್! ಯುವರ್ ಸನ್ ಫಾರಿನ್ ಕಮ್!" ಅಂತ ಕೂಗಿದ.

ಆ ತಾಯಿಗೆ ಕಂಡದ್ದು ಮಾವನ ಮೂಗಿನ ಹೊಳ್ಳೆ ಮಾತ್ರ ಇರಬೇಕು. ಆಕೆ ಮಗನಿಗೆ ಏನೋ ಹೇಳಿದಳು. ಅವನು ಅದನ್ನು ಹೇಳಲು ಮೊದಲು ಒಪ್ಪಲಿಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದ: ಈತ ನಮ್ಮೂರಿನ ಮಿಲ್ಲಿನ ಮುದಲಾಳಿಯ, ಅಂದರೆ ಮಾಲೀಕನ, ಹಾಗೆಯೇ ಇದ್ದಾನಲ್ಲ ಅಂತ.

ಮಾವ ಸೋಲಲಿಲ್ಲ. ಫೋನು ಹಿಡಿದುಕೊಂಡೇ ರಸ್ತೆಗೆ ನಡೆದ, ನಾವಿಬ್ಬರೂ ಅವನ ಹಿಂದೆ. ಅಲ್ಲೊಂದು ಊರಿನ ಬೋರ್ಡಿತ್ತು, ಕಾರಿನ ಲೈಟು ಅದರ ಮೇಲೆ ಬಿದ್ದಿತ್ತು. 'ಸಿರುಗುಪ್ಪ' ಅಂತ ಬರೆದು ಬಾಣ ಹಾಕಿತ್ತು. ಮಾವ ಅಕ್ಷರದ ಮೇಲೆ ಒಂದೊಂದಾಗಿ ಬೆರಳಿಟ್ಟು ಸಾಲಿ ಮಾಸ್ತರನ ಹಾಗೆ ತೋರಿಸಿದ. "ಕನ್ನಡ! ಮೇಡಂ, ಕನ್ನಡ!"

ಸಿಂಹಳದ ಅಕ್ಷರ ಹೇಗಿರುತ್ತದೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ನಮ್ಮದರ ಹಾಗೆಯೇ ಗುಂಡಗೆ, ಕೊಂಬು ಬಾಲ ಇಟ್ಟುಕೊಂಡು ಇರುತ್ತದೆ. ತಾಯಿ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿ ತೀರ್ಪು ಕೊಟ್ಟಳು. ಹುಡುಗ ತಲೆ ತಗ್ಗಿಸಿ ನನಗೆ ಹೇಳಿದ, ನಾನು ಮಾವನಿಗೆ ಹೇಳಿದೆ: "ಇದು ಅವರ ಅಕ್ಷರವೇ ಅಂತ ಮಾವ. ಬರೆದವನಿಗೆ ನೆಟ್ಟಗೆ ಬರೆಯಾಕ ಬಂದಿಲ್ಲ ಅಂತಾರ."

ಕೊನೆಗೆ ಆಕೆಯನ್ನು ನಂಬಿಸಿದ್ದು ನಮ್ಮ ಡ್ರೈವರ್. ಚೆಂಡು ಹೂವಿನ ಮಾಲೆ ಹಾಕಿಕೊಂಡು ಕಾರಿಗೆ ಒರಗಿ ನಿಂತಿದ್ದ ಅವರು ಫೋನಿನಲ್ಲಿ ಕಂಡ ಕೂಡಲೇ ಆಕೆ ಸೆರಗು ಸರಿಮಾಡಿಕೊಂಡು, ಗೌರವದಿಂದ ಕೈಮುಗಿದಳು. ಮಗನಿಗೆ ಮೆತ್ತನೆಯ ದನಿಯಲ್ಲಿ, ಹುಷಾರಾಗಿ ಓದು ಅಂತ ಹೇಳಿ ಫೋನಿಟ್ಟಳಂತೆ.

ಸೇತುವೆ ತೆರವಾಗಿ ನಾವು ಸಿರುಗುಪ್ಪ ಮುಟ್ಟುವಾಗ ದೀಪ ಹತ್ತಿದ್ದವು. ಮನೆ ಮುಂದೆ ರಂಗೋಲಿ. ಟೀಚರಮ್ಮ ಜರಿ ಸೀರೆ ಉಟ್ಟು ಕಾಯುತ್ತಿದ್ದರು. ಹುಡುಗ ಇಳಿದ ಮೇಲೂ ಅವರು ಕಾರಿನೊಳಗೆ ಇಣುಕಿ ಇಣುಕಿ ನೋಡಿದರು. ಮಾವ ಈ ಸಲ ತಡವರಿಸಲಿಲ್ಲ. "ಇವ್ರೇ ರೀ ಟೀಚರ್. ಶ್ರೀಲಂಕಾ. ಫುಲ್ ಫಾರಿನ್," ಅಂದು ಹುಡುಗನ ಚೀಲವನ್ನು ತಾನೇ ಹೊತ್ತು ಒಳಗೆ ನಡೆದ. ಮಾವ ಚೀಲ ಹೊತ್ತದ್ದನ್ನು ಅತ್ತೆ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಹುಡುಗ ಹಗ್ಗ ಬಿಚ್ಚಿ ಡಬ್ಬಿಯಿಂದ ಚಹಪುಡಿಯ ಪೊಟ್ಟಣಗಳನ್ನು ತೆಗೆದು ಎರಡೂ ಕೈಯಿಂದ ಅತ್ತೆಗೆ ಕೊಟ್ಟ. ಆಮೇಲೆ ಊಟಕ್ಕೆ ಕೂರಿಸಿದರು. ಅವನೊಬ್ಬನಿಗೆ ಟೇಬಲ್ಲು, ಚಮಚ, ಬ್ರೆಡ್ಡು, ಜಾಮು, ಉಪ್ಪಿಲ್ಲದ ಬೇಯಿಸಿದ ಬೀನ್ಸು, ಆಸ್ಪತ್ರೆಯ ಗಂಜಿಯಂಥ ಏನೋ ಒಂದು. ಟೀಚರಮ್ಮ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು, ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ. ಅವನು ಎಲ್ಲವನ್ನೂ ತಿಂದ. ಬೀನ್ಸನ್ನು ಒಂದೊಂದೇ ನುಂಗುವಾಗ ಅವನ ಗಂಟಲು ಮೇಲೆ ಕೆಳಗೆ ಆಗುವುದು ಕಾಣುತ್ತಿತ್ತು. ನಾವು ಉಳಿದವರು ಅಡುಗೆಮನೆಯ ನೆಲದ ಮೇಲೆ ಕೂತು ಅನ್ನ, ಸಾರು, ಬದನೆಕಾಯಿ ಎಣ್ಣೆಗಾಯಿ, ಒರಳಲ್ಲಿ ಕುಟ್ಟಿದ ಹಸಿಮೆಣಸಿನಕಾಯಿ ಖಾರ ಹಾಕಿಕೊಂಡಿದ್ದೆವು.

ಸ್ವಲ್ಪ ಹೊತ್ತಿಗೆ ಹುಡುಗ ಬಾಗಿಲಲ್ಲಿ ಬಂದು ನಿಂತ. ಕೈ ಕಟ್ಟಿಕೊಂಡು, ಅದನ್ನು ನಾನೂ ತಿನ್ನಬಹುದಾ ಅಂತ ಕೇಳಿದ.

"ಯಾವುದನ್ನ?" ಅಂದೆ.

ಅವನು ಖಾರದ ಬಟ್ಟಲು ತೋರಿಸಿದ.

"ಬ್ಯಾಡ, ಬ್ಯಾಡ, ಕೇಸಾಗ್ತೈತಿ!" ಅಂದರು ಹಿಂದಿನಿಂದ ಟೀಚರಮ್ಮ.

ಅತ್ತೆ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಹುಡುಗನನ್ನು ನೋಡಿದಳು. ಸರಿದು ಜಾಗ ಮಾಡಿ ತಾಟು ಹಾಕಿದಳು. ಅವನು ಕಾಲು ಮಡಚಿ ಕೂತ. ಅನ್ನದ ನಡುವೆ ಗುಳಿ ಮಾಡಿ, ಸಾರು ಹುಯ್ದುಕೊಂಡು, ಖಾರವನ್ನು ಬೆರಳ ತುದಿಯಿಂದ ಹಚ್ಚಿ ಹಚ್ಚಿ ಕಲಸಿದ. ಮೊದಲ ತುತ್ತು ಬಾಯಿಗಿಟ್ಟಾಗ ಅವನ ಭುಜ ಇಳಿಯಿತು. ಕಣ್ಣಲ್ಲಿ ನೀರು ಬಂತು. ಮಾವ, "ಸಕ್ಕರಿ ತಾ, ಸಕ್ಕರಿ," ಅಂತ ಒದರಿದ. ಹುಡುಗ ಎಡಗೈಯಿಂದ ಕಣ್ಣೊರೆಸಿಕೊಂಡು, ತಾಟನ್ನು ಅತ್ತೆಯ ಕಡೆ ಚಾಚಿದ. ಇನ್ನೂ ಖಾರ ಬೇಕಂತೆ. ಅತ್ತೆ ಕೊಟ್ಟಳು. ಮತ್ತೆ ಕೇಳಿದ, ಮತ್ತೆ ಕೊಟ್ಟಳು. ಅವಳ ಅಡುಗೆಯನ್ನು ನಮ್ಮ ಮನೆಯಲ್ಲಿ ಯಾರೂ ಅಷ್ಟು ಗಂಭೀರವಾಗಿ ಉಂಡದ್ದು ನನಗೆ ನೆನಪಿಲ್ಲ. ಮಾವ ತಾನೂ ಖಾರ ಹಾಕಿಕೊಂಡು ಅವನಿಗೆ ಸಮವಾಗಿ ತಿನ್ನಲು ಹೋಗಿ, ಕೆಮ್ಮಿ, ಸಕ್ಕರೆ ಡಬ್ಬಿಯನ್ನು ತನ್ನ ಕಡೆಗೇ ಎಳೆದುಕೊಂಡ.

ಮಜ್ಜಿಗೆ ಅನ್ನದ ಹೊತ್ತಿಗೆ ಹುಡುಗನ ತಲೆ ಗೋಡೆಗೆ ತಾಗಿತು. ಎಂಜಲು ಕೈ ತಾಟಿನಲ್ಲೇ ಇತ್ತು. ಉಸಿರು ಬದಲಾಯಿತು. ನಾನು ಎಬ್ಬಿಸಲು ಹೋದೆ. ಅತ್ತೆ ಬೇಡ ಅಂತ ಸನ್ನೆ ಮಾಡಿ, ತಂಬಿಗೆ ತಂದು, ತಾಟಿನಲ್ಲೇ ನೀರು ಹುಯ್ದು ಅವನ ಕೈ ತೊಳೆದಳು. ಬೆರಳಿನ ಸಂದು ಕೂಡ ಬಿಡಲಿಲ್ಲ. ಸೆರಗಿನಿಂದ ಒರೆಸಿದಳು. ಬಂದಾಗಿನಿಂದ ಅವನಿಗೆ 'ಬರ್ರಿ', 'ಕುಂದರ್ರಿ' ಅನ್ನುತ್ತಿದ್ದವಳು, "ಏಳಪ್ಪ, ಮಲ್ಕೋ ಹೋಗು," ಅಂದಳು. ಇಂಗ್ಲಿಷಿನಲ್ಲಿ ಹೇಳು ಅಂತ ನನ್ನನ್ನು ಕೇಳಲಿಲ್ಲ. ಅವನೂ ನನ್ನ ಕಡೆ ನೋಡಲಿಲ್ಲ. ಎದ್ದು, ಅವಳು ತೋರಿಸಿದ ಕೋಣೆಗೆ ಹೋಗಿ, ಮಂಚದ ಮೇಲೆ ಬಿದ್ದುಕೊಂಡ.

ಓಣಿಯ ಹೆಂಗಸರು ಅಡುಗೆ ಕೆಲಸ ಮುಗಿಸಿ ಒಬ್ಬೊಬ್ಬರಾಗಿ ಬರತೊಡಗಿದ್ದರು. "ಎಲ್ಲದಾರ ಫಾರಿನ್‌ನವ್ರು? ನೋಡಾಕ ಬಂದೀವಿ." ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಮಲಗ್ಯಾರವಾ. ಸದ್ದ ಮಾಡಬ್ಯಾಡ್ರಿ. ನಾಳೆ ಬರ್ರಿ," ಅಂದು ಎಲ್ಲರನ್ನೂ ಹಾಗೇ ಕಳಿಸಿದಳು. ಟೀಚರಮ್ಮನನ್ನೂ.

ಗಿರಣಿ ಮನೆಯ ಗೋಡೆಗೆ ಹೊಂದಿಕೊಂಡೇ ಇತ್ತು. ಬೆಳಕು ಹರಿಯುವ ಮುಂಚೆ ಶುರುವಾದರೆ ಮನೆಯ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಮಾವ ಹಬ್ಬಕ್ಕೂ ಅದನ್ನು ನಿಲ್ಲಿಸಿದವನಲ್ಲ. ನನ್ನ ಅಜ್ಜ ತೀರಿಕೊಂಡಾಗ ಕೂಡ ಮಧ್ಯಾಹ್ನಕ್ಕೆ ಶುರು ಮಾಡಿಸಿದ್ದ ಅಂತ ಅವ್ವ ಈಗಲೂ ಬೈಯುತ್ತಾಳೆ. ಮರುದಿನ ನಾನು ಎದ್ದಾಗ ಬಿಸಿಲು ಬಂದಿತ್ತು, ಗಿರಣಿಯ ಸದ್ದಿರಲಿಲ್ಲ. ಹುಡುಗನ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಹೊರಗೆ ಬಂದು ನೋಡಿದರೆ ಭತ್ತ ತಂದ ಗಾಡಿಗಳು ಸಾಲಾಗಿ ನಿಂತಿದ್ದವು. ಆಳುಗಳು ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದರು. ಮಾವ ಗಿರಣಿಯ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. ರಾರಾವಿಯಿಂದ ಬಂದ ರೈತರೊಬ್ಬರು, "ಏನ್ರಿ ಸಾಹುಕಾರ್ರೆ, ಇನ್ನೂ ಚಾಲೂ ಮಾಡಿಲ್ಲ?" ಅಂತ ಕೇಳಿದರು.

ಮಾವ ಪೇಪರಿನಿಂದ ತಲೆ ಎತ್ತದೆ, "ಬೆಲ್ಟ್ ಹರಿದೈತ್ರಿ," ಅಂದ. "ಸ್ವಲ್ಪ ಮೆತ್ತಗ ಮಾತಾಡ್ರಿ."